ದೂರಶಿಕ್ಷಣದಲ್ಲಿ ಯಂತ್ರಬೋಧಕ: ವಿದ್ಯಾರ್ಥಿಗಳ ಅಂಗೀಕಾರದ ಅರ್ಥ

ಅಂತರ್ಜಾಲದ ಮೂಲಕ ನಡೆಯುವ ಉನ್ನತ ಶಿಕ್ಷಣದಲ್ಲಿ ಕೃತಕ ಬುದ್ಧಿಮತ್ತೆಯ ಬೋಧಕನನ್ನು ವಿದ್ಯಾರ್ಥಿಗಳು ಅಂಗೀಕರಿಸಿದ್ದಾರೆ ಎನ್ನುವಾಗ, ಅವರು ಅಂಗೀಕರಿಸಿದ್ದು ಯಾವುದನ್ನು ಎಂಬುದನ್ನು ಮೊದಲು ವಿಚಾರಿಸಬೇಕು. ಇದಕ್ಕೆ ದೂರಶಿಕ್ಷಣದ ಚರಿತ್ರೆಯಿಂದ ಕೆಲಮಟ್ಟಿನ ಬೆಳಕು ದೊರೆಯುತ್ತದೆ.

1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತು. ಐಸಾಕ್ ಪಿಟ್‌ಮನ್ನನು ಅದರ ನೆರವಿನಿಂದ ಶೀಘ್ರಲಿಪಿಯನ್ನು ಕಲಿಸತೊಡಗಿದನು. ಶಿಷ್ಯರು ಬರೆದು ಕಳುಹಿಸಿದ ಅಭ್ಯಾಸವು ತಿದ್ದುಪಡಿಯೊಡನೆ ಅವರಿಗೆ ಮರಳುತ್ತಿತ್ತು. 1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಕಾಲೇಜಿಗೆ ಸೇರದವರಿಗೂ ತನ್ನ ಪರೀಕ್ಷೆಗಳನ್ನು ತೆರೆಯಿತು. ಅವರಿಗೆ ಕಲಿಸುವ ಹೊಣೆಯನ್ನು ಮಾತ್ರ ಹೊರಲಿಲ್ಲ. 1887ರಲ್ಲಿ ವಿಲಿಯಂ ಬ್ರಿಗ್ಸ್ ಸ್ಥಾಪಿಸಿದ ಅಂಚೆ ಕಾಲೇಜು ಇಂಥವರಿಗೆ ಆಸರೆಯಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಮೊದಲಾದ ಅಂಚೆ ಶಿಕ್ಷಣವು 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ರೂಪವನ್ನು ತಾಳಿತು. ಪಾಠವನ್ನು ದೂರಕ್ಕೆ ಮುಟ್ಟಿಸುವುದು ಸುಲಭ. ಓದುವವನ ಸಂಶಯಕ್ಕೆ ಸಕಾಲದಲ್ಲಿ ಉತ್ತರ ಮುಟ್ಟಿಸುವುದು ಕಷ್ಟ. ಈ ಪದ್ಧತಿಯ ಹಳೆಯ ತೊಡಕು ಇದೇ.

ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯು 2014ರಲ್ಲಿ ಗಣಕವಿಜ್ಞಾನದ ಸ್ನಾತಕೋತ್ತರ ಶಿಕ್ಷಣವನ್ನು ಅಂತರ್ಜಾಲದಲ್ಲಿ ಆರಂಭಿಸಿದಾಗಲೂ ಇದೇ ತೊಡಕು ಎದುರಾಯಿತು. ಪ್ರೊ. ಅಶೋಕ್ ಗೋಯಲ್ ಅವರ ಒಂದು ತರಗತಿಯಲ್ಲಿ ಸುಮಾರು 300 ವಿದ್ಯಾರ್ಥಿಗಳಿದ್ದು, ಒಂದು ಅವಧಿಗೆ ಸುಮಾರು 10,000 ಪ್ರಶ್ನೋತ್ತರ ಬರಹಗಳು ಸೇರುತ್ತಿದ್ದವು. 2016ರಲ್ಲಿ ಸಹಾಯಕರ ನಡುವೆ ‘ಜಿಲ್ ವಾಟ್ಸನ್’ ಎಂಬ ಹೆಸರಿನ ಯಂತ್ರವನ್ನೂ ಸೇರಿಸಲಾಯಿತು. ಹಿಂದಿನ ತರಗತಿಗಳ ಸುಮಾರು 40,000 ಬರಹಗಳೇ ಅದರ ವಿದ್ಯೆಯ ಬಂಡವಾಳ. ಉತ್ತರ ಸರಿಯೆಂಬ ಭರವಸೆ ಶೇಕಡ 97ನ್ನು ಮುಟ್ಟಿದಾಗ ಮಾತ್ರ ಅದು ಉತ್ತರಿಸುತ್ತಿತ್ತು. ನಿಜಸ್ಥಿತಿಯನ್ನು ಅವಧಿಯ ಕೊನೆಯಲ್ಲಿ ತಿಳಿಸಲಾಯಿತು. ಅದುವರೆಗೆ ಬಹುಮಂದಿ ವಿದ್ಯಾರ್ಥಿಗಳಿಗೆ ಅದು ಗೊತ್ತಾಗಿರಲಿಲ್ಲ.

ಈ ಪ್ರಸಂಗವನ್ನು ಯಂತ್ರದ ಅಂಗೀಕಾರಕ್ಕೆ ಸಾಕ್ಷಿಯೆಂದು ಉದಾಹರಿಸುವುದುಂಟು. ಅರಿಯದೆ ಒಪ್ಪಿದ್ದನ್ನು ಸಮ್ಮತಿಯೆಂದು ಗಣಿಸುವುದು ಸಾಧುವಲ್ಲ. ಆ ವಿದ್ಯಾರ್ಥಿಗಳು ಒಪ್ಪಿದ್ದು ಸಕಾಲದಲ್ಲಿ ಬಂದ ಸರಿಯಾದ ಉತ್ತರವನ್ನು. ಅದರ ಹಿಂದೆ ಹೊಣೆ ಹೊತ್ತ ಅಧ್ಯಾಪಕರೂ ಇದ್ದರು. ಮುಂದಿನ ಅವಧಿಗಳಲ್ಲಿ, ಸಹಾಯಕರ ನಡುವೆ ಯಂತ್ರವುಂಟೆಂದು ಮೊದಲೇ ತಿಳಿಸಿದುದು ಯುಕ್ತವಾದ ಕ್ರಮ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ಮೇಲೆ ಪರಿಸ್ಥಿತಿ ಬೇರೆಯಾಗಿದೆ. ವಿದ್ಯಾರ್ಥಿಯು ತಿಳಿದೇ ಯಂತ್ರವನ್ನು ಕೇಳುತ್ತಾನೆ. ಅದು ತಪ್ಪನ್ನೂ ಅದೇ ಧೈರ್ಯದಿಂದ ಹೇಳಬಲ್ಲದು. ಇದಕ್ಕಿಂತ ಗಂಭೀರವಾದ ಅಂಶವೊಂದುಂಟು. ಪಿಟ್‌ಮನ್ನನ ಕೈಸೇರಿದ ಪ್ರತಿಯೊಂದು ಅಭ್ಯಾಸವೂ ಶಿಷ್ಯನು ಎಲ್ಲಿ ಎಡವಿದನೆಂಬುದನ್ನು ಗುರುವಿಗೆ ತಿಳಿಸುತ್ತಿತ್ತು. ಯಂತ್ರದೊಡನೆ ಏಕಾಂತದಲ್ಲಿ ಮುಗಿದುಹೋಗುವ ಪ್ರಶ್ನೆಯು ಅಧ್ಯಾಪಕನಿಗೆ ಏನನ್ನೂ ತಿಳಿಸದು. ಆದಕಾರಣ, ಯಂತ್ರಬೋಧಕನನ್ನು ನಿಯೋಜಿಸುವ ವಿದ್ಯಾಸಂಸ್ಥೆಗಳು, ವಿದ್ಯಾರ್ಥಿಗಳ ಅರಿವು ಮತ್ತು ಅನುಮತಿಯೊಡನೆ, ಅವರ ಪ್ರಶ್ನೆಗಳು ಅಧ್ಯಾಪಕರನ್ನು ಮುಟ್ಟುವ ಏರ್ಪಾಡನ್ನೂ ಮಾಡತಕ್ಕದ್ದು.