ಥ್ರೀ-ವೇ ಸ್ಪೀಕರಿನ ನಡುವಣ ಡ್ರೈವರ್: ಆಯ್ಕೆಯ ವಿಚಾರ ಬೆಳೆದುಬಂದ ಬಗೆ

ಕಿವಿಗೆ ಕೇಳಿಸುವ ಧ್ವನಿಯ ಹರವನ್ನು ಮೂರು ಪಾಲು ಮಾಡಿ, ತಗ್ಗಿನ ಪಾಲನ್ನು ವೂಫರಿಗೂ, ನಡುವಿನದನ್ನು ಮಿಡ್‌ರೇಂಜ್ ಡ್ರೈವರಿಗೂ, ಮೇಲಿನದನ್ನು ಟ್ವೀಟರಿಗೂ ವಹಿಸಿಕೊಡುವ ಸ್ಪೀಕರಿಗೆ ಥ್ರೀ-ವೇ ಎಂದು ಹೆಸರು. ಸದ್ದು ಹೊರಡಿಸುವ ಈ ಮೂರು ಘಟಕಗಳೇ ಡ್ರೈವರುಗಳು; ಅವುಗಳ ನಡುವೆ ಈ ಹಂಚಿಕೆಯನ್ನು ಮಾಡುವ ವಿದ್ಯುನ್ಮಂಡಲವೇ ಕ್ರಾಸ್‌ಓವರ್. ಮನೆಯಲ್ಲಿಯೇ ಸ್ಪೀಕರ್ ಕಟ್ಟುವವರು ಬಹುಕಾಲ ಮೊದಲು ವೂಫರನ್ನು, ಆಮೇಲೆ ಟ್ವೀಟರನ್ನು ಕೊಂಡು, ಇವೆರಡರ ನಡುವೆ ಉಳಿದ ತೆರವನ್ನು ತುಂಬಲು ಕೈಗೆ ಸಿಕ್ಕಿದ ಮಿಡ್‌ರೇಂಜನ್ನು ಕೂರಿಸುತ್ತಿದ್ದರು. ಈ ಕ್ರಮ ತಿರುಗುಮುರುಗಾಗಬೇಕೆಂಬುದು, ಎಂದರೆ ನಡುವಣ ಡ್ರೈವರನ್ನು ಮೊದಲು ಆರಿಸಿ ಉಳಿದೆರಡನ್ನು ಅದಕ್ಕೆ ಹೊಂದಿಸಬೇಕೆಂಬುದು, ಕಳೆದ ನೂರು ವರ್ಷಗಳ ಧ್ವನಿವಿಜ್ಞಾನದಿಂದ ಹೊರಡುವ ತೀರ್ಮಾನ. ಕರ್ನಾಟಕ ಸಂಗೀತವನ್ನೂ ಹಳೆಯ ಕನ್ನಡ ಚಿತ್ರಗೀತೆಗಳನ್ನೂ ಕೇಳುವ ಮನೆಗೆ ಅದು ಇನ್ನಷ್ಟು ಸಲ್ಲುತ್ತದೆ.

1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಪ್ರಕಟಿಸಿದ ಪ್ರಬಂಧದಲ್ಲಿ ಇಂದಿನ ಸ್ಪೀಕರಿನ ಮೂಲರೂಪವಿದೆ: ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿ, ಎಂದರೆ ವಾಯ್ಸ್ ಕಾಯಿಲ್, ಅದಕ್ಕೆ ಅಂಟಿಸಿದ ಕಾಗದದ ಕೋನ್. ಆದರೆ ಒಂದೇ ಕೋನ್ ಎಲ್ಲವನ್ನೂ ನುಡಿಸಲಾರದು. ಒಂದೇ ಮಟ್ಟದ ಸದ್ದನ್ನು ಒಂದು ಸ್ಥಾಯಿ ಕೆಳಗೆ ನುಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕಾಗುತ್ತದೆ. ಆ ಚಲನೆಯನ್ನು ತಗ್ಗಿಸಲೆಂದು ಕೋನನ್ನು ಅಗಲ ಮಾಡಿದರೆ ಮೇಲಿನ ಸ್ವರಗಳು ಸುತ್ತಲೂ ಹರಡದೆ ನೇರ ಮುಂದಕ್ಕಷ್ಟೇ ಹೋಗುತ್ತವೆ. 3000 ಹರ್ಟ್ಸಿನ ಧ್ವನಿಯ ತರಂಗದೂರ ಗಾಳಿಯಲ್ಲಿ ಸುಮಾರು 11.5 ಸೆಂಟಿಮೀಟರ್, ಕೋನಿನ ವ್ಯಾಸ ಇದಕ್ಕೆ ಸಮೀಪಿಸಿದಂತೆಲ್ಲ ಪಕ್ಕದಲ್ಲಿ ಕುಳಿತವರಿಗೆ ಆ ಧ್ವನಿ ಮಂಕಾಗಿ ಕೇಳುತ್ತದೆ. ಮೂರು ಡ್ರೈವರುಗಳ ಅಗತ್ಯ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

1958ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್-3 ಸ್ಪೀಕರ್ ನಡುವಿನ ಪಾಲಿಗೆ ಕೋನಿನ ಬದಲು ಚಿಕ್ಕ ಗುಮ್ಮಟದ ಆಕಾರದ ಡೋಮನ್ನು ತಂದಿತು; 1974ರ ಯಮಾಹಾ ಎನ್‌ಎಸ್-1000 ಅದನ್ನು 88 ಮಿಲಿಮೀಟರಿನ ಬೆರಿಲಿಯಂ ಡೋಮಿನವರೆಗೆ ಒಯ್ದಿತು. ಇದರ ಜೊತೆಯಲ್ಲೇ ಬಿಬಿಸಿಯ ಸಂಶೋಧನಾ ವಿಭಾಗದಲ್ಲಿ ಬೇರೊಂದು ದಾರಿ ತೆರೆಯಿತು. ಪರಿಚಿತ ವ್ಯಕ್ತಿಯ ಮಾತು ಸ್ಪೀಕರಿನಲ್ಲಿ ಅವನ ಮಾತಿನಂತೆಯೇ ಕೇಳುತ್ತದೆಯೇ ಎಂಬುದನ್ನು ಒರೆಗಲ್ಲಾಗಿಸಿಕೊಂಡ ಅಲ್ಲಿನ ಎಂಜಿನಿಯರುಗಳಿಗೆ, ಒಂದೊಂದು ಕಾಗದದ ಕೋನ್ ಒಂದೊಂದು ಬಣ್ಣದ ಧ್ವನಿ ಕೊಡುವುದು ದೊಡ್ಡ ತೊಡಕಾಗಿತ್ತು. ಅದರ ಪರಿಹಾರಕ್ಕೆ ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿಗೆ ಲೇಪ ಬಳಿದ ಕೋನ್ ಬಂದಿತು. ಆ ವಿಭಾಗದಲ್ಲಿದ್ದ ಡಡ್ಲಿ ಹಾರ್ವುಡ್ 1977ರಲ್ಲಿ ಹಾರ್ಬೆತ್ ಕಂಪನಿಯನ್ನು ಸ್ಥಾಪಿಸಿ ಪಾಲಿಪ್ರೊಪಿಲೀನ್ ಕೋನನ್ನು ಬಳಕೆಗೆ ತಂದರು. ಮನುಷ್ಯನ ದನಿಯನ್ನೇ ಅಳತೆಗೋಲಾಗಿಸಿಕೊಂಡ ಈ ಪರಂಪರೆಯೇ ನಡುವಣ ಡ್ರೈವರಿನ ಚರಿತ್ರೆಯಲ್ಲಿ ಅತ್ಯಂತ ಫಲವತ್ತಾದ ಅಧ್ಯಾಯವೆನ್ನಬೇಕು.

ಅಂದಾಜಿನ ಕೆಲಸ ಲೆಕ್ಕದ ಕೆಲಸವಾದದ್ದು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಆರಂಭಿಸಿ, ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿ ವಿಸ್ತರಿಸಿದ ಅಧ್ಯಯನದಿಂದ. ಡ್ರೈವರಿನ ಸಹಜ ಅನುರಣನದ ಆವೃತ್ತಿ, ಅದನ್ನು ತಡೆಯುವ ಬಲ, ಕೋನನ್ನು ಹಿಡಿದಿರುವ ಭಾಗಗಳ ನಮ್ಯತೆ ಮೊದಲಾದವನ್ನು ಕೆಲವೇ ಸಂಖ್ಯೆಗಳಲ್ಲಿ ಹೇಳಲು ಬಂದದ್ದರಿಂದ ಪೆಟ್ಟಿಗೆಯ ಗಾತ್ರವನ್ನು ಮರ ಕೊಯ್ಯುವ ಮೊದಲೇ ನಿರ್ಧರಿಸುವುದು ಸಾಧ್ಯವಾಯಿತು. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ 1976ರಲ್ಲಿ ಮುಂದಿಟ್ಟ ಕ್ರಾಸ್‌ಓವರ್, ಎರಡು ಡ್ರೈವರುಗಳ ಧ್ವನಿ ಕೂಡುವಲ್ಲಿ ಏರುತಗ್ಗಿಲ್ಲದಂತೆ ಮಾಡುವ ದಾರಿಯನ್ನು ತೋರಿಸಿತು. 1980ರ ದಶಕದಲ್ಲಿ ಕೆನಡಾದ ಫ್ಲಾಯ್ಡ್ ಟೂಲ್ ನಡೆಸಿದ ಶ್ರವಣ ಪರೀಕ್ಷೆಗಳಲ್ಲಿ, ಎದುರಿನ ಅಳತೆಯಷ್ಟೇ ಅಲ್ಲದೆ ಪಕ್ಕದ ದಿಕ್ಕುಗಳ ಅಳತೆಯೂ ನಯವಾಗಿರುವ ಸ್ಪೀಕರನ್ನೇ ಕೇಳುಗರು ಮೆಚ್ಚುತ್ತಾರೆಂದು ತಿಳಿದುಬಂದಿತು. ಮಿಡ್‌ರೇಂಜಿನ ವ್ಯಾಸವೂ ಟ್ವೀಟರಿಗೆ ಅದು ಕೆಲಸ ಬಿಟ್ಟುಕೊಡುವ ಆವೃತ್ತಿಯೂ ರುಚಿಯ ವಿಷಯವಾಗಿ ಉಳಿಯದೆ ಹೋದದ್ದು ಅಂದಿನಿಂದ.

ಭಾರತದಲ್ಲಿ ಈ ಜ್ಞಾನಕ್ಕೂ ಸಿಗುವ ಸರಕಿಗೂ ನಡುವೆ ದೊಡ್ಡ ಅಂತರವಿತ್ತು. 1991ರ ಆರ್ಥಿಕ ಸುಧಾರಣೆಗೆ ಮುಂಚೆ ಆಮದಿನ ಕಟ್ಟುಪಾಡುಗಳಿಂದಾಗಿ ಹವ್ಯಾಸಿಯ ಪಾಲಿಗೆ ಬರುತ್ತಿದ್ದುದು ಹೆಚ್ಚಾಗಿ ದೇಶದೊಳಗೆ ತಯಾರಾದ ಕಾಗದದ ಕೋನಿನ ಡ್ರೈವರುಗಳು. ಅವುಗಳ ಜೊತೆಗೆ ಅಳತೆಯ ವಿವರ ಸಿಗುವುದು ಅಪರೂಪವಾಗಿತ್ತು. ಆದರೆ ಡ್ರೈವರೊಂದನ್ನು ಬಿಟ್ಟರೆ ಸ್ಪೀಕರಿನ ಉಳಿದ ಕೆಲಸವೆಲ್ಲ ಕುಶಲ ಕೈಗಳದು, ಅದಕ್ಕೆ ಮದರಾಸಿನಲ್ಲಿ, ಎಂದರೆ ಇಂದಿನ ಚೆನ್ನೈಯಲ್ಲಿ, ಕೊರತೆಯಿರಲಿಲ್ಲ. ನಗರದ ಪಶ್ಚಿಮಕ್ಕಿರುವ ಅಂಬತ್ತೂರಿನಲ್ಲಿ 1964ರಲ್ಲಿ ಆರಂಭವಾದ ಕೈಗಾರಿಕಾ ವಸಾಹತು ಸಣ್ಣ ಎಂಜಿನಿಯರಿಂಗ್ ಘಟಕಗಳ ಊರಾಗಿ ಬೆಳೆಯಿತು. ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್‌.ಪಿ. ರೋಡಿನ ಹಾಗೆ, ಕೆಪಾಸಿಟರು, ರೆಸಿಸ್ಟರು, ತಾಮ್ರದ ತಂತಿಗಳ ಪೇಟೆಯಾಗಿ ನೆಲೆಗೊಂಡಿತು. ಅಂಬತ್ತೂರಿನಂಥ ಕಡೆ ಇಂದು ಸ್ಪೀಕರ್ ಕಟ್ಟಲು ಕೂರುವವನಿಗೆ ಡೆನ್ಮಾರ್ಕಿನ ಸ್ಕ್ಯಾನ್‌ಸ್ಪೀಕ್, ಇಂಡೋನೇಷ್ಯಾದ ಎಸ್‌ಬಿ ಅಕೌಸ್ಟಿಕ್ಸ್ ಮೊದಲಾದ ತಯಾರಕರ ಡ್ರೈವರುಗಳನ್ನು ಅಳತೆಪಟ್ಟಿಯ ಸಮೇತ ತರಿಸಿಕೊಳ್ಳಲು ಸಾಧ್ಯ, ಒಂದು ಮೈಕ್ರೊಫೋನ್ ಮತ್ತು ಉಚಿತ ತಂತ್ರಾಂಶದಿಂದ ಮನೆಯಲ್ಲೇ ಅಳೆಯಲೂ ಸಾಧ್ಯ. ಸರಕಿನ ಅಭಾವ ಹೋಗಿ ಆಯ್ಕೆಯ ಪ್ರಶ್ನೆ ಮುಂದೆ ಬಂದಿದೆ.

ಆ ಪ್ರಶ್ನೆಗೆ ಉತ್ತರ ಕೇಳುವ ಸಂಗೀತದಿಂದಲೇ ಬರಬೇಕು. ಭೌತವಿಜ್ಞಾನಿ ಸಿ.ವಿ. ರಾಮನ್ 1920ರಲ್ಲಿ ಮೃದಂಗ ತಬಲಗಳ ಬಗ್ಗೆ, 1921ರಲ್ಲಿ ವೀಣೆ ತಂಬೂರಗಳ ಬಗ್ಗೆ ಬರೆದ ಪ್ರಬಂಧಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಮೃದಂಗದ ಬಲದ ಮುಚ್ಚಿಗೆಯ ಕರಣೆಯಿಂದಾಗಿ ಅದರ ಮೇಲ್ಸ್ವರಗಳು ಮೂಲಸ್ವರದ ಪೂರ್ಣ ಗುಣಕಗಳಾಗಿ ಹೊಂದಿಕೊಳ್ಳುತ್ತವೆಂದೂ, ತಂಬೂರದ ಬಾಗಿದ ಕುದುರೆ ಮತ್ತು ಅದರ ಮೇಲಿನ ನೂಲಿನಿಂದಾಗಿ ಸಾಮಾನ್ಯ ತಂತಿಯಲ್ಲಿ ಮೂಡಬಾರದ ಮೇಲ್ಸ್ವರಗಳೂ ಬಲವಾಗಿ ಮೂಡುತ್ತವೆಂದೂ ಅವರು ತೋರಿಸಿದರು. ಒಂದು ಗಂಡುದನಿಯ ಆಧಾರ ಷಡ್ಜ 131 ಹರ್ಟ್ಸಿನ ಆಸುಪಾಸಿನಲ್ಲಿದ್ದರೂ, ತಂಬೂರದ ಝೇಂಕಾರವೆಂದು ಕಿವಿ ಗುರುತಿಸುವುದು ಬಹುಪಾಲು ಆ ಷಡ್ಜದ ಮೇಲಿನ ಹತ್ತಾರು ಸ್ವರಗಳನ್ನು, ಎಂದರೆ ಕೆಲವು ನೂರರಿಂದ ಕೆಲವು ಸಾವಿರ ಹರ್ಟ್ಸಿನವರೆಗಿನ ಪಟ್ಟಿಯನ್ನು. ಮದರಾಸಿನ ಸ್ಟುಡಿಯೋಗಳಲ್ಲಿ ಧ್ವನಿಮುದ್ರಣಗೊಂಡ, ಪಿ.ಬಿ. ಶ್ರೀನಿವಾಸ್ ಅವರಂಥವರ ಹಳೆಯ ಕನ್ನಡ ಚಿತ್ರಗೀತೆಗಳಲ್ಲಿಯೂ ಸಾರವೆಲ್ಲ ಕೂಡಿರುವುದು ಗಾಯಕನ ದನಿಯಲ್ಲಿ, ಆದ್ದರಿಂದ ಇದೇ ಪಟ್ಟಿಯಲ್ಲಿ.

ಹೀಗಿರುವಾಗ ಆ ಪಟ್ಟಿಯ ನಡುವೆ ಕ್ರಾಸ್‌ಓವರಿನ ಹೊಲಿಗೆ ಬೀಳದಂತೆ ನೋಡಿಕೊಳ್ಳುವುದೇ ಮುಖ್ಯ. 50 ಮಿಲಿಮೀಟರಿನ ಸಾಮಾನ್ಯ ಡೋಮನ್ನು 700-800 ಹರ್ಟ್ಸಿಗಿಂತ ಕೆಳಗೆ ದುಡಿಸುವುದು ಕಷ್ಟ. ಎಂದರೆ ದನಿಯ ಮೈಯನ್ನು ವೂಫರೂ ಮುಖವನ್ನು ಡೋಮೂ ನುಡಿಸುತ್ತವೆ. 10ರಿಂದ 13 ಸೆಂಟಿಮೀಟರಿನ ಕೋನ್ 300ರಿಂದ 2500 ಹರ್ಟ್ಸಿನವರೆಗೆ ಒಂದೇ ಉಸಿರಿನಲ್ಲಿ ನುಡಿಯಬಲ್ಲದು. ಭಾರತೀಯ ಸಂಗೀತಕ್ಕೆ ಅದೇ ಯೋಗ್ಯ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇದೆ: 8 ಓಮಿನ ಡ್ರೈವರಿಗೆ 600 ಹರ್ಟ್ಸಿನಲ್ಲಿ ಅತ್ಯಂತ ಸರಳವಾದ ಕ್ರಾಸ್‌ಓವರಿಗೆ ಸುಮಾರು 33 ಮೈಕ್ರೊಫ್ಯಾರಡಿನ ಕೆಪಾಸಿಟರು, ವೂಫರಿನ ಕಡೆ 2.1 ಮಿಲಿಹೆನ್ರಿಯ ಕಾಯಿಲ್ ಸಾಕಾದರೆ, 300 ಹರ್ಟ್ಸಿಗೆ ಇವೆರಡೂ ಇಮ್ಮಡಿಯಾಗುತ್ತವೆ. ಪ್ರತಿ ಡ್ರೈವರಿಗೂ ಬೇರೆ ಆಂಪ್ಲಿಫೈಯರ್ ಕೊಟ್ಟು ವಿಭಜನೆಯನ್ನು ಡಿಜಿಟಲ್ ಸಂಸ್ಕರಣೆಗೆ ಬಿಡುವವರು ಈ ಖರ್ಚಿನಿಂದ ಪಾರಾಗುತ್ತಾರೆ. ಡ್ರೈವರಿನ ಅನುರಣನ ಕ್ರಾಸ್‌ಓವರಿಗಿಂತ ಕನಿಷ್ಠ ಒಂದು ಸ್ಥಾಯಿ ಕೆಳಗಿರಬೇಕು, ಎಂದರೆ 300 ಹರ್ಟ್ಸಿಗೆ 150ಕ್ಕಿಂತ ಕಡಿಮೆ. ಅದರ ಸೂಕ್ಷ್ಮತೆ, ಎಂದರೆ ಕೊಟ್ಟಷ್ಟೇ ವಿದ್ಯುತ್ತಿಗೆ ಅದು ಹೊರಡಿಸುವ ಸದ್ದು, ವೂಫರಿನದಕ್ಕಿಂತ ಕಡಿಮೆಯಿರಬಾರದು. ಹೆಚ್ಚಿದ್ದರೆ ರೆಸಿಸ್ಟರುಗಳಿಂದ ತಗ್ಗಿಸಬಹುದು, ಕಡಿಮೆಯಿದ್ದರೆ ಅದಕ್ಕೆ ಸುಲಭದ ಮದ್ದಿಲ್ಲ. ವೂಫರಿನ ಪೆಟ್ಟಿಗೆಯೊಳಗೆ ಮಿಡ್‌ರೇಂಜಿಗೊಂದು ಮುಚ್ಚಿದ ಗೂಡನ್ನು ಪ್ರತ್ಯೇಕಿಸಿ ಉಣ್ಣೆ ತುಂಬದಿದ್ದರೆ, ವೂಫರಿನ ಗಾಳಿಯ ಒತ್ತಡ ನಡುವಣ ಕೋನನ್ನು ಹಿಂದಿನಿಂದ ತಳ್ಳುತ್ತದೆ.

ಕೋನಿನ ವಸ್ತುವಿನ ಬಗ್ಗೆ ವಾದಗಳು ಬಹಳ. ಅಲ್ಯೂಮಿನಿಯಂ ತನ್ನ ಪಟ್ಟಿಯಲ್ಲಿ ಶುದ್ಧವಾಗಿ ನುಡಿದರೂ ಅದರಾಚೆ ಒಮ್ಮೆಲೇ ಕಿರುಚುವ ಗುಣವುಳ್ಳದ್ದಾದ್ದರಿಂದ ಕ್ರಾಸ್‌ಓವರನ್ನು ಜಟಿಲಗೊಳಿಸುತ್ತದೆ, ಲೇಪವಿರುವ ಕಾಗದ ಅಥವಾ ಪಾಲಿಪ್ರೊಪಿಲೀನ್ ಮೊದಲ ಬಾರಿಗೆ ಕಟ್ಟುವವನನ್ನು ಕ್ಷಮಿಸುತ್ತದೆ. ಚೆನ್ನೈಯ ಹವೆಯಲ್ಲಿ ಅದಕ್ಕಿಂತ ದೊಡ್ಡ ವಿಷಯ ಕೋನಿನ ಅಂಚನ್ನು ಚೌಕಟ್ಟಿಗೆ ಹಿಡಿದಿರುವ ಸರೌಂಡ್. ಬೆಚ್ಚಗಿನ ತೇವದ ಗಾಳಿಯಲ್ಲಿ ಫೋಮಿನ ಸರೌಂಡ್ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ, ರಬ್ಬರಿನದು ಬಹುಕಾಲ ಬಾಳುತ್ತದೆ. ಪೆಟ್ಟಿಗೆಗೂ ಇದೇ ಮಾತು ಅನ್ವಯಿಸುವುದರಿಂದ, ನೀರು ತಾಗಿದರೆ ಉಬ್ಬುವ ಎಂಡಿಎಫ್‌ಗಿಂತ ನೀರು ತಡೆಯುವ ಪ್ಲೈವುಡ್ಡೇ ಕಡಲತೀರದ ಊರಿನಲ್ಲಿ ಒಳ್ಳೆಯದು.