ಕೊಡೈಕಾನಲ್ ಸೌರವೇಧಶಾಲೆ: ಸ್ಥಾಪನೆಯ ಉದ್ದೇಶವೂ ಕಾಲದ ಫಲವೂ

ವಿಜ್ಞಾನ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಅವುಗಳ ಶೋಧಗಳನ್ನೆಣಿಸಿ ತೃಪ್ತರಾಗುವುದುಂಟು. ಸಂಸ್ಥೆಯು ಏಕೆ ಹುಟ್ಟಿತು, ಹುಟ್ಟಿದ ಉದ್ದೇಶ ಈಡೇರಿತೇ ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಪಳನಿ ಬೆಟ್ಟಗಳಲ್ಲಿರುವ ಕೊಡೈಕಾನಲ್ ವೇಧಶಾಲೆಯ ವಿಷಯದಲ್ಲಿ ಈ ಪ್ರಶ್ನೆಗಳೇ ಮುಖ್ಯವೆಂದು ನಮ್ಮ ಅಭಿಪ್ರಾಯ.

ನಾವು ಈ ಊರನ್ನು ಸಂದರ್ಶಿಸಿದಾಗ, ಕೆರೆಯ ಸುತ್ತಲಿನ ಪ್ರವಾಸಿಗಳ ಗದ್ದಲ ವೇಧಶಾಲೆಯ ಗುಡ್ಡವನ್ನು ಮುಟ್ಟಿರಲಿಲ್ಲ. ಸುಮಾರು 2,340 ಮೀಟರ್ ಎತ್ತರದ ಆ ನೀರವ ಸ್ಥಳಕ್ಕೂ ಬಯಲುಸೀಮೆಯ ಹಸಿವಿಗೂ ನಂಟುಂಟು.

1876–78ರ ಮಹಾಕ್ಷಾಮವನ್ನು ನಮ್ಮ ಜನ ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆದರು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. 1877ರಲ್ಲಿ ನಾರ್ಮನ್ ಲಾಕ್ಯರ್ ಮತ್ತು ಡಬ್ಲ್ಯು. ಡಬ್ಲ್ಯು. ಹಂಟರ್ ಅವರು, ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುವ ಸೂರ್ಯನ ಕಲೆಗಳಿಗೂ ದಕ್ಷಿಣ ಭಾರತದ ಬರಗಳಿಗೂ ಸಂಬಂಧವುಂಟೆಂದು ವಾದಿಸಿದರು. ಸೂರ್ಯನನ್ನು ಅರಿತರೆ ಮಳೆಯನ್ನು ಮುನ್ನರಿಯಬಹುದೆಂಬ ಈ ಆಸೆಯು ವೇಧಶಾಲೆಯ ಸ್ಥಾಪನೆಗೆ ಒಂದು ಪ್ರಬಲ ಕಾರಣವಾಯಿತು. ಮದರಾಸಿನ ಹಳೆಯ ವೇಧಶಾಲೆಯ ಕಾರ್ಯ 1899ರಲ್ಲಿ ಬೆಟ್ಟಕ್ಕೆ ಸಾಗಿತು. ಮೈಕೀ ಸ್ಮಿತ್ ಅದರ ನಿರ್ದೇಶಕರಾದರು. ಅದು 1971ರವರೆಗೂ ಹವಾಮಾನ ಇಲಾಖೆಯ ಆಡಳಿತದಲ್ಲಿದ್ದುದು ಗಮನಾರ್ಹ.

ಆದರೆ ಆಸೆ ಕೈಗೂಡಲಿಲ್ಲ. ಆ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅಂಕಿಅಂಶಗಳನ್ನು ಪರೀಕ್ಷಿಸಿ, ಕಲೆಗಳಿಗೂ ಮಳೆಗೂ ಇರುವ ಸಂಬಂಧ ಬಹು ದುರ್ಬಲವೆಂದು ಕಂಡರು. ಅಷ್ಟರಲ್ಲಿ ಬೆಟ್ಟದ ಮೇಲೆ ಬೇರೊಂದು ಫಲ ದೊರೆತಿತ್ತು. 1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಅವರು ಕಲೆಗಳ ರೋಹಿತವನ್ನು ಚಿತ್ರಿಸಿ, ಕಲೆಯ ಮಸುಕಾದ ಅಂಚಿನಲ್ಲಿ ಅನಿಲವು ಸೆಕೆಂಡಿಗೆ ಸುಮಾರು 2 ಕಿಲೋಮೀಟರ್ ವೇಗದಿಂದ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಇದು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಹಿರಿದಾದುದು ಮತ್ತೊಂದಿದೆ. 1904ರಿಂದ ಮೋಡವಿಲ್ಲದ ದಿನಗಳಲ್ಲೆಲ್ಲ ಇಲ್ಲಿ ಸೂರ್ಯಬಿಂಬದ ಛಾಯಾಚಿತ್ರಗಳನ್ನು ತೆಗೆಯುತ್ತ ಬಂದರು. ಎರಡು ಮಹಾಯುದ್ಧಗಳು, ಪ್ರಭುತ್ವದ ಬದಲಾವಣೆ ಯಾವುದೂ ಈ ನಿತ್ಯಕರ್ಮವನ್ನು ನಿಲ್ಲಿಸಲಿಲ್ಲ. ಈಗ ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ಆ ಗಾಜಿನ ಫಲಕಗಳನ್ನು ಗಣಕಯಂತ್ರಕ್ಕಿಳಿಸಿ ವಿದ್ವಾಂಸರಿಗೆ ಒದಗಿಸಿದೆ. ಶತಮಾನದುದ್ದಕ್ಕೂ ಸೂರ್ಯನ ಚಟುವಟಿಕೆ ಹೇಗೆ ಬದಲಾಯಿತೆಂಬುದನ್ನು ಅವುಗಳಿಂದ ತಿಳಿಯುತ್ತಿದ್ದಾರೆ.

ಶೋಧಕನ ಹೆಸರು ಗ್ರಂಥಗಳಲ್ಲಿ ಉಳಿದಿದೆ. ದಿನದಿನವೂ ಫಲಕಗಳನ್ನು ಸಿದ್ಧಪಡಿಸಿ, ದಿನಾಂಕ ಬರೆದು, ಜೋಪಾನ ಮಾಡಿದ ಸಹಾಯಕರ ಹೆಸರುಗಳು ಅಷ್ಟಾಗಿ ಉಳಿದಿಲ್ಲ. ಮೂಲ ಊಹೆ ಬಿದ್ದುಹೋದ ಮೇಲೂ ಈ ಸಂಸ್ಥೆ ಸಾರ್ಥಕವಾದುದು ಅವರ ಶ್ರಮದಿಂದ. ಚರಿತ್ರೆಯ ವಿದ್ಯಾರ್ಥಿಗಳು ಸಂಸ್ಥೆಗಳನ್ನು ಅಳೆಯುವಾಗ, ಸ್ಥಾಪಕರ ಆಶಯದೊಡನೆ ಇಂಥ ದಾಖಲೆಗಳನ್ನೂ ತಕ್ಕಡಿಗೆ ಹಾಕಬೇಕು.