ಗೇರ್ ಬೀಳದಿದ್ದರೆ ಗೇರ್‌ಬಾಕ್ಸೇ ಹೋಯಿತೆಂದು ಅರ್ಥವೇ? ಲಾರಿ ಬಿಚ್ಚಿಸುವ ಮುನ್ನ ಓದಿ

ಲಾರಿ ಓಡಿಸುವವರ ನಡುವೆ ಎರಡು ಮಾತು ಸುತ್ತುತ್ತಿರುತ್ತವೆ. ಒಂದು, ಗೇರ್ ಗಟ್ಟಿಯಾಯಿತು ಅಂದರೆ ಗೇರ್‌ಬಾಕ್ಸ್ ಮುಗಿಯಿತು. ಇನ್ನೊಂದು, ಘಟ್ಟ ಇಳಿಯುವಾಗ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಗೇರ್‌ಬಾಕ್ಸಿಗೂ ಆರಾಮ, ಡೀಸೆಲೂ ಉಳಿತಾಯ. ಮೊದಲನೆಯದನ್ನು ನಂಬಿದರೆ ದುಡ್ಡು ಹೋಗುತ್ತದೆ. ಎರಡನೆಯದನ್ನು ನಂಬಿ ಅಂಕೋಲಾ–ಯಲ್ಲಾಪುರ ನಡುವಿನ ಅರಬೈಲ್ ಘಟ್ಟ ಇಳಿದರೆ ಜೀವವೇ ಹೋಗಬಹುದು.

ಮೊದಲು ಇಂಜಿನ್ ಆಫ್ ಮಾಡಿ ನೋಡಿ

ಕ್ಲಚ್ ತುಳಿದಾಗ ಇಂಜಿನ್ನಿನಿಂದ ಗೇರ್‌ಬಾಕ್ಸಿಗೆ ಹೋಗುವ ತಿರುಗುವಿಕೆ ಪೂರ್ತಿ ಕಡಿದುಹೋಗಬೇಕು. ಸ್ವಲ್ಪವೇ ಉಳಿದರೂ ಒಳಗಿನ ಹಲ್ಲುಗಳು ಒಂದೇ ವೇಗಕ್ಕೆ ಬರುವುದಿಲ್ಲ, ಗೇರ್ ಬೀಳುವುದಿಲ್ಲ. ಆಗ ಬೈಗುಳ ಗೇರ್‌ಬಾಕ್ಸಿಗೆ, ತಪ್ಪು ಕ್ಲಚ್ಚಿನದು.

ಇದನ್ನು ಪತ್ತೆ ಮಾಡಲು ಯಾವ ಯಂತ್ರವೂ ಬೇಡ. ಲಾರಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಿ. ಹಿಂದೆ ಮುಂದೆ ಯಾರೂ ಇರಬಾರದು. ಇಂಜಿನ್ ಆಫ್ ಮಾಡಿ ಕ್ಲಚ್ ತುಳಿದು ಎಲ್ಲ ಗೇರುಗಳನ್ನೂ ಹಾಕಿ ನೋಡಿ. ನಂತರ ಇಂಜಿನ್ ಚಾಲೂ ಮಾಡಿ ಅದನ್ನೇ ಮತ್ತೆ ಮಾಡಿ. ಆಫ್ ಇದ್ದಾಗ ಸಲೀಸು, ಚಾಲೂ ಇದ್ದಾಗ ಗಟ್ಟಿ ಎಂದಾದರೆ ಅನುಮಾನ ಕ್ಲಚ್ ಮೇಲೆ. ಎರಡೂ ಸಲ ಗಟ್ಟಿ ಇದ್ದರೆ ಗೇರ್ ಲಿವರಿನಿಂದ ಹೋಗುವ ರಾಡ್, ಕೇಬಲ್, ಬುಷ್‌ಗಳನ್ನು ನೋಡಬೇಕು. ಸವೆದ ಬುಷ್ ಬದಲಿಸಿ ಗ್ರೀಸ್ ಹಚ್ಚಿದರೆ ಎಷ್ಟೋ ಲಾರಿಗಳ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಪರೀಕ್ಷೆ ರಿವರ್ಸ್ ಗೇರಿನದು. ಬಹುತೇಕ ಲಾರಿಗಳಲ್ಲಿ ರಿವರ್ಸಿಗೆ ಸಿಂಕ್ರೊನೈಸರ್ ಇರುವುದಿಲ್ಲ. ಕ್ಲಚ್ ಪೂರ್ತಿ ತುಳಿದು ಹತ್ತು ಸೆಕೆಂಡ್ ಕಾದು ರಿವರ್ಸ್ ಹಾಕಿ. ಅಷ್ಟು ಕಾದ ಮೇಲೂ ಕರ್ರ್ ಎಂದರೆ ಕ್ಲಚ್ ಪ್ಲೇಟ್ ಇನ್ನೂ ತಿರುಗುತ್ತಲೇ ಇದೆ ಎಂದು ಲೆಕ್ಕ.

ಕ್ಲಚ್ ಎಂದ ಕೂಡಲೇ ಪ್ಲೇಟ್ ಬದಲಿಸಲು ಹೊರಡಬೇಡಿ. ಪೆಡಲ್ಲಿನ ಆಟ, ಆಯಿಲ್ ಮಟ್ಟ, ಮಾಸ್ಟರ್ ಸಿಲಿಂಡರ್ ಸೋರಿಕೆ, ಪೈಪಿನಲ್ಲಿ ಸೇರಿದ ಗಾಳಿ, ಇವನ್ನು ಮೊದಲು ನೋಡಿಸಿ. ದೊಡ್ಡ ಲಾರಿಗಳಲ್ಲಿ ಕ್ಲಚ್ಚಿಗೆ ಏರ್ ಬೂಸ್ಟರ್ ಇರುತ್ತದೆ. ಬೆಳಿಗ್ಗೆ ಏರ್ ಟ್ಯಾಂಕ್ ತುಂಬುವ ಮೊದಲೇ ಗೇರ್ ಹಾಕಹೋದರೆ ಅದು ಗಟ್ಟಿಯಿರುವುದರಲ್ಲಿ ಆಶ್ಚರ್ಯವಿಲ್ಲ.

ಕಾರವಾರದ ಮಳೆ, ಉಪ್ಪುಗಾಳಿ

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಂದರಿನ ಮೀನು ನಂಬಿದ ಲಾರಿ ಅಷ್ಟು ದಿನ ಮಳೆಯಲ್ಲಿ ನಿಂತರೆ ಫ್ಲೈವೀಲಿಗೆ ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಅದಕ್ಕೇ ಅಂಟಿಕೊಳ್ಳಬಹುದು. ಪ್ಲೇಟ್ ಜಾರಬೇಕಾದ ಶಾಫ್ಟಿನ ಗೀರುಗಳಿಗೂ ತುಕ್ಕು ಕೂರುತ್ತದೆ. ಪೆಡಲ್ ಸರಿಯಾಗೇ ಇಳಿಯುತ್ತದೆ, ಪ್ಲೇಟ್ ಮಾತ್ರ ಬಿಡುವುದಿಲ್ಲ. ಗೇರಿನಲ್ಲೇ ಸ್ಟಾರ್ಟ್ ಹೊಡೆದರೆ ಬಿಡುತ್ತದೆ ಎಂಬ ಸಲಹೆ ನಿಮಗೂ ಬಂದಿರಬಹುದು. ಹಾಗೆ ಮಾಡಿದರೆ ಲಾರಿ ಮುಂದಕ್ಕೆ ಚಿಮ್ಮುತ್ತದೆ. ಆ ಕೆಲಸ ಗ್ಯಾರೇಜಿನವರಿಗೆ ಬಿಡಿ. ನಿಂತ ಲಾರಿಯನ್ನು ಆಗಾಗ ಚಾಲೂ ಮಾಡಿ ನಾಲ್ಕು ಹೆಜ್ಜೆ ಓಡಿಸುತ್ತಿದ್ದರೆ ಈ ತೊಂದರೆಯೇ ಕಡಿಮೆ.

ಕ್ಲಚ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಾಗಾಗಿ ತೆರೆದಿಟ್ಟ ಹಳೆಯ ಡಬ್ಬಿಯದನ್ನು ಸುರಿಯಬೇಡಿ.

ಗೇರ್‌ಬಾಕ್ಸ್ ನಿಜವಾಗಿ ಕೆಟ್ಟಿದ್ದರೆ?

ಅದರ ಲಕ್ಷಣ ಬೇರೆ. ಉಳಿದೆಲ್ಲ ಗೇರ್ ಸರಿಯಿದ್ದು ಒಂದು ಗೇರ್ ಮಾತ್ರ ಕರ್ರ್ ಎಂದರೆ ಅದರ ಸಿಂಕ್ರೊನೈಸರ್ ರಿಂಗ್ ಸವೆದಿರಬಹುದು. ಲೋಡಿನಲ್ಲಿ ಗೇರ್ ತಾನಾಗಿ ಹೊರಬಂದರೆ ಹಲ್ಲು ಅಥವಾ ಲಾಕ್ ಸ್ಪ್ರಿಂಗ್ ಸವೆದಿರಬಹುದು. ಆದರೂ ಇಂಜಿನ್ ಮೌಂಟಿಂಗ್ ಒಮ್ಮೆ ನೋಡಿಸಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆ ಕಪ್ಪು ಪುಡಿ ಅಂಟಿದ್ದರೆ ಅದು ಮಾಮೂಲಿ ಸವೆತ. ಕಬ್ಬಿಣದ ಚೂರು ಸಿಕ್ಕರೆ ಗಂಭೀರ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆಯಿಲಿನಲ್ಲೇ ಹಳದಿಯಾಗಿ ಮಿನುಗುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಒಳಹೊಕ್ಕಿದೆ.

ಸದ್ದು ಅಡಗಿಸಲು ದಪ್ಪ ಆಯಿಲ್ ಹಾಕುವುದು ರಿಪೇರಿಯಲ್ಲ, ಕಾಯಿಲೆ ಮುಚ್ಚಿಡುವುದು. ಕೆಲವು ಜಿಎಲ್-5 ಆಯಿಲುಗಳ ರಾಸಾಯನಿಕ ಹಿತ್ತಾಳೆ ರಿಂಗನ್ನು ತಿನ್ನುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ.

ನ್ಯೂಟ್ರಲ್ಲಿನ ಲೆಕ್ಕ

ಡೀಸೆಲ್ ಉಳಿಯುತ್ತದೆ ಎಂಬುದು ಸುಳ್ಳು. ಗೇರಿನಲ್ಲಿದ್ದು ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಈಗಿನ ಇಂಜಿನ್‌ಗಳು ಡೀಸೆಲ್ ಹರಿವನ್ನು ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆರದಿರಲು ಡೀಸೆಲ್ ಸುಡಲೇಬೇಕು.

ಯಲ್ಲಾಪುರ ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಅಂಕೋಲಾ ಕಡಲಂಚಿನಲ್ಲಿ. 25 ಟನ್ ಲಾರಿ 500 ಮೀಟರ್ ಕೆಳಗಿಳಿಯುವಾಗ ಹೊರಬರುವ ಶಕ್ತಿ ಸುಮಾರು 400 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಒಂದಷ್ಟನ್ನು ಗಾಳಿ, ಟೈರು ಹೀರುತ್ತವೆ. ಉಳಿದದ್ದನ್ನು ಇಂಜಿನ್ ತಡೆಯಬೇಕು, ಇಲ್ಲವಾದರೆ ಬ್ರೇಕ್ ಡ್ರಮ್ ಕಾಯಬೇಕು. ಅತಿಯಾಗಿ ಕಾದ ಬ್ರೇಕ್ ಹಿಡಿಯುವುದಿಲ್ಲ. ಆಗ ಗೇರ್ ಹಾಕೋಣವೆಂದರೆ ಅದೂ ಆಗದು. ವೇಗ ಏರಿದ ಮೇಲೆ ಕೆಳಗಿನ ಗೇರ್ ಬೀಳುವುದೇ ಇಲ್ಲ. ಇದು ಹೊಸ ಗೇರ್‌ಬಾಕ್ಸಿಗೂ ಅನ್ವಯ.

ಆದ್ದರಿಂದ ಗೇರ್ ತಕರಾರು ಇರುವ ಲಾರಿಯನ್ನು ಘಟ್ಟ ಇಳಿಸಬೇಡಿ, ಮೇಲೆಯೇ ರಿಪೇರಿ ಮಾಡಿಸಿ. ಸರಿಯಿರುವ ಲಾರಿಯಲ್ಲೂ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ, ನಡುವೆ ಬದಲಿಸಬೇಡಿ. ಹಾಗಿದ್ದೂ ಗೇರ್ ತಪ್ಪಿದರೆ ಲಿವರ್ ಜೊತೆ ಗುದ್ದಾಡುತ್ತಾ ಕೂರದೆ, ಬ್ರೇಕ್ ತಣ್ಣಗಿರುವಾಗಲೇ ಗಟ್ಟಿಯಾಗಿ ತುಳಿದು ರಸ್ತೆಯಂಚಿಗೆ ನಿಲ್ಲಿಸಿ. ಇಳಿದ ಕೂಡಲೇ ಚಕ್ರಗಳಿಗೆ ಕಲ್ಲು ಕೊಡಿ, ಹಿಂದಿನ ವಾಹನಗಳಿಗೆ ಕಾಣುವಂತೆ ತ್ರಿಕೋನ ಇಡಿ.